ಉಸಿರನ್ನೂ ಹೊಗೆಯಂತೆ ಅಳೆದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಂಪನಿ ಬಸ್ಸಿನಲ್ಲಿ. ಠಾಣೆ ಸ್ಟೇಷನ್ನಿನ ಹೊರಗೆ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬಳೊಡನೆ ಜಗಳವಾಡಿ ಗೆದ್ದು ಕೂತಿದ್ದೆ. ಕಳವಾ ಸೇತುವೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಹೇಳಿದರು: "ನಮ್ಮ ಹಳೇ ಬಾಯ್ಲರ್ ಕೆಮಿಸ್ಟ್ ಹೋದರಂತೆ. ಕಲ್ಯಾಣದಲ್ಲಿ, ಹೋದ ವಾರ." ಇನ್ನೊಬ್ಬ ಕೇಳಿದ: "ಯಾರು, ಆ ಜನರನ್ನು ಓಡಿಸುತ್ತಿದ್ದ ಮುದುಕನಾ?" ನಾಲ್ಕೈದು ಜನ ನಕ್ಕರು. ನಾನು ತಿರುಗಿ, "ಹೌದು, ಅದೇ ಮುದುಕರು. ನಿಮ್ಮನ್ನೂ ನಾಲ್ಕು ದಿನ ಓಡಿಸಿದ್ದರೆ ಆ ಹೊಟ್ಟೆ ಸೀಟಿಗೆ ತಾಗುತ್ತಿರಲಿಲ್ಲ" ಎಂದೆ.

ಅದೇ ಸೇತುವೆಯ ಮೇಲೆ ಬಸ್ಸು ಬಂದಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು. ಕೆಳಗಿನ ಉಪ್ಪುನೀರಿನ ಖಾರಿಯಾಚೆ ಸಾಲುಗಟ್ಟಿ ನಿಂತ ಕಾರ್ಖಾನೆಗಳ ಚಿಮಣಿಗಳನ್ನು ಒಂದೊಂದಾಗಿ ನೋಡಿ, ನಾಲಿಗೆಯಿಂದ ಚ್ ಚ್ ಎನ್ನುತ್ತಿದ್ದರು. "ಏನ್ ಕರೀ ಹೊಗಿ ಬಿಡ್ತಾನ ನೋಡ್ರಿ ಇಂವಾ. ಎಣ್ಣಿ ಸುರಿಲಿಕ್ಕೆ ಹತ್ಯಾನ, ಗಾಳಿ ಕೊಡವಲ್ಲ. ಅರ್ಧಾ ಎಣ್ಣಿ ಉರೀದನ ಆಕಾಶಕ್ಕ ಹೋತು." ತಮ್ಮ ಮನೆಯ ಎಣ್ಣೆಯೇ ಪೋಲಾದ ಹಾಗೆ ಅವರ ಮುಖ ಸಣ್ಣದಾಗುತ್ತಿತ್ತು. ನಮ್ಮ ಕಂಪನಿಯ ಚಿಮಣಿ ಕಂಡಾಗ ಮಾತ್ರ ತಲೆ ಒಳಗೆಳೆದುಕೊಂಡು ಟವೆಲಿನಿಂದ ಮುಖ ಒರೆಸಿಕೊಂಡು ಕೂರುತ್ತಿದ್ದರು. ಅದರ ಹೊಗೆ ಕಣ್ಣಿಗೆ ಕಾಣಿಸುವುದೇ ಅಪರೂಪ.

ವಿಜಾಪುರದ ಕಡೆಯವರು. ಒಣಕಲು ದೇಹ, ಮೊಣಕೈವರೆಗೆ ಮಡಚಿದ ಖಾಕಿ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ. ಬಾಯ್ಲರ್ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವರ ಗಾಜಿನ ಯಂತ್ರ ಇತ್ತು. ಮರದ ಚೌಕಟ್ಟಿನೊಳಗೆ ಒಂದು ಅಳತೆ ಕೊಳವೆ, ಅದಕ್ಕೆ ಕೂಡಿಸಿದ ಎರಡು ಮೂರು ಬಲ್ಬಿನಂಥ ಪಾತ್ರೆಗಳು. ಚಿಮಣಿಯಿಂದ ಎಳೆದ ಹೊಗೆಯನ್ನು ಮೊದಲ ಪಾತ್ರೆಗೆ ಕಳಿಸಿದರೆ ಅಲ್ಲಿನ ದ್ರಾವಣ ಇಂಗಾಲದ ಡೈಆಕ್ಸೈಡನ್ನು ನುಂಗುತ್ತದೆ, ಎರಡನೆಯದು ಆಮ್ಲಜನಕವನ್ನು ನುಂಗುತ್ತದೆ. ಎಷ್ಟು ಕಡಿಮೆಯಾಯಿತೆಂದು ಕೊಳವೆಯ ಗೆರೆ ನೋಡಿದರೆ ಒಳಗೆ ಎಣ್ಣೆ ಹೇಗೆ ಉರಿಯುತ್ತಿದೆ ಎಂದು ಗೊತ್ತಾಗುತ್ತದೆ. ಇಷ್ಟೇ ಅವರ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದರು, ಬೇಸರ ಎಂದದ್ದನ್ನು ನಾನು ಕೇಳಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಗೆ. ಟೈಮ್ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ವರ್ಷವಾಗಿತ್ತು, ಪರ್ಮನೆಂಟ್ ಮಾಡುವ ಮೊದಲು ವೈದ್ಯಕೀಯ ಪರೀಕ್ಷೆ. ಕಂಪನಿಯ ಡಾಕ್ಟರು ಮೊದಲು ತೂಕದ ಯಂತ್ರ ನೋಡಿ ಹುಬ್ಬೇರಿಸಿದರು. ಆಮೇಲೆ ನನ್ನ ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಕಾಯಿಸಿದರು. ನೀಲಿ ನೀಲಿಯಾಗಿ ಉಳಿಯಬೇಕಿತ್ತು. ನನ್ನ ಕಣ್ಣೆದುರಿಗೇ ಹಸಿರಾಯಿತು, ಹಸಿರು ಹಳದಿಯ ಕಡೆ ತಿರುಗಿತು. ಸಕ್ಕರೆ ಹೋಗುತ್ತಿದೆ ಎಂದರು. "ಮೂರು ತಿಂಗಳ ನಂತರ ಇನ್ನೊಮ್ಮೆ ನೋಡುತ್ತೇನೆ. ಹೀಗೇ ಇದ್ದರೆ ಅನ್‌ಫಿಟ್ ಬರೆಯಬೇಕಾಗುತ್ತದೆ."

ಡೊಂಬಿವಲಿಯ ಚಾಳಿನ ಒಂದು ಕೋಣೆಯಲ್ಲಿ ಅಮ್ಮ, ಕಾಲೇಜಿಗೆ ಹೋಗುವ ತಂಗಿ, ನಾನು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅಪ್ಪ ಇದೇ ಸಕ್ಕರೆ ಕಾಯಿಲೆಯಲ್ಲಿ ನಲವತ್ತೊಂದಕ್ಕೇ ಹೋದವರು. ನನ್ನ ಕೆಲಸ ಹೋದರೆ ಒಲೆ ಹೊತ್ತುವುದಿಲ್ಲ. ಅದೊಂದೇ ನನ್ನ ತಲೆಯಲ್ಲಿ ಕೂತಿತ್ತು. ಟೈಪ್‌ರೈಟರಿನ ಮುಂದೆ ಕೂತು ಅಳುತ್ತಿದ್ದೆ. ಅವರು ಓವರ್‌ಟೈಮ್ ಪಟ್ಟಿ ಟೈಪು ಮಾಡಿಸಲು ಬಂದವರು, ಪಟ್ಟಿಯನ್ನು ಮೇಜಿನ ಮೇಲಿಟ್ಟು ಹಾಗೇ ನಿಂತರು.

"ಯಾಕವ್ವಾ ತಂಗಿ, ಏನಾತು?"

ಹೇಳಿದೆ. ಅಪ್ಪನ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ, ಅಲ್ಲಿವರೆಗೆ ಅವರೊಡನೆ ನಾಲ್ಕು ಮಾತೂ ಆಡಿದವಳಲ್ಲ. ಅವರು ಪಾಪ ಅನ್ನಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ಚಿಮಣಿ ನೋಡಿದ ಹಾಗೆ ನೋಡಿದರು.

"ಗಾಳಿ ಕಡಿಮಿ ಅದ," ಎಂದರು.

"ಎಂತದ್ದು ಸರ್?"

"ನಿನ್ನ ಮಸಲ್‌ನ್ಯಾಗ ಒಲಿ ಸಣ್ಣವು, ಗಾಳಿ ಕಡಿಮಿ. ಕೊಬ್ಬು ಅಂದ್ರ ಫರ್ನೇಸ್ ಆಯಿಲ್ ಇದ್ದಂಗ. ಚಲೋ ಒಲಿ ಇದ್ರಷ್ಟ ಉರೀತದ. ಇಲ್ಲಂದ್ರ ಹಂಗ ಕೂಡ್ತದ, ರಕ್ತದಾಗಿನ ಸಕ್ರಿಗೂ ಒಳಗ ಬರಾಕ ಜಾಗಾ ಬಿಡಂಗಿಲ್ಲ. ಒಲಿ ಹೆಚ್ಚು ಮಾಡೂಣು. ನಾಳಿ ಆರೂವರಿಗೆ ಗೇಟಿಗೆ ಬಾ. ಖಾಲಿ ಹೊಟ್ಟಿಲೆ, ಕ್ಯಾನ್ವಾಸ್ ಬೂಟು ಹಾಕ್ಕೊಂಡು ಬಾ."

ಅವರಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಆಮೇಲೆ ತಿಳಿಯಿತು. ತಿಂಗಳಿಗೊಂದು ರಜೆ ದಿನ ಅವರು ಮುಂಬಯಿಯ ಒಂದು ವೈದ್ಯಕೀಯ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿನ ಅಟೆಂಡರ್ ಅವರ ಊರಿನವನು, ಮೂಲೆಯಲ್ಲಿ ಕೂರಲು ಬಿಡುತ್ತಿದ್ದ. ಹೊರದೇಶದಲ್ಲಿ ಓಟಗಾರರ ತೊಡೆಗೆ ದಪ್ಪ ಸೂಜಿ ಹಾಕಿ, ಚೂರು ಸ್ನಾಯು ಕಿತ್ತು, ಒಳಗೆ ಕೊಬ್ಬು ಹೇಗೆ ಉರಿಯುತ್ತದೆಂದು ನೋಡುತ್ತಾರೆ ಎಂದು ಓದಿದ್ದರು. ಜೋರಾಗಿ ಸ್ವಲ್ಪ ಹೊತ್ತು, ನಿಧಾನವಾಗಿ ಸ್ವಲ್ಪ ಹೊತ್ತು, ಹೀಗೆ ಬಿಟ್ಟು ಬಿಟ್ಟು ವಾರಗಟ್ಟಲೆ ಓಡಿಸಿದರೆ ಸ್ನಾಯುವಿನ ಒಳಗೆ ಕೊಬ್ಬನ್ನು ಉರಿಸುವ ಭಾಗಗಳು ಹೆಚ್ಚಾಗುತ್ತವೆ, ಮೊದಲು ಸಕ್ಕರೆ ಸುಡುತ್ತಿದ್ದ ಕೆಲಸಕ್ಕೇ ಈಗ ಹೆಚ್ಚು ಕೊಬ್ಬು ಸುಡುತ್ತದೆ ಎಂದು ಅದರ ಸಾರ. ಎಲ್ಲವನ್ನೂ ನೋಟುಪುಸ್ತಕಕ್ಕೆ ಕನ್ನಡದಲ್ಲಿ ಬರೆದುಕೊಂಡಿದ್ದರು. "ನಮ್ಮ ಕಡೆ ಆ ಸೂಜಿ ಇಲ್ಲ. ಇರವಲ್ದ್ಯಾಕ, ಹೊಗಿ ಅದ ಅಲ್ಲ? ಒಳಗ ಏನ್ ಉರೀತದ ಅನ್ನೂದು ಉಸಿರಿನ್ಯಾಗ ಬಂದ ಬರ್ತದ."

ಹಾಗಾಗಿ ಮೊದಲ ದಿನ ಓಡಿಸಲಿಲ್ಲ, ಅಳೆದರು. ಒಂದು ಪ್ಯಾಕಿಂಗ್ ಪೆಟ್ಟಿಗೆ ಇಟ್ಟು, ಬಾಯ್ಲರಿಗೆ ನೀರು ತುಂಬುವ ಪಂಪಿನ ಧಡ್ ಧಡ್ ಸದ್ದಿಗೆ ಸರಿಯಾಗಿ ಅದರ ಮೇಲೆ ಹತ್ತಿ ಇಳಿ ಎಂದರು. ಮೂಗಿಗೆ ಹತ್ತಿ ಸುತ್ತಿದ ಬಟ್ಟೆ ಕ್ಲಿಪ್ಪು. ಬಾಯಿಗೆ ರಬ್ಬರ್ ನಳಿಗೆ, ಅದಕ್ಕೆ ಅಮೋನಿಯಾ ಸೋರಿದಾಗ ಹಾಕಿಕೊಳ್ಳುವ ಮುಖವಾಡದಿಂದ ಬಿಚ್ಚಿದ ಕವಾಟ. ಬಿಟ್ಟ ಉಸಿರು ಹೋಗುವುದು ಫುಟ್‌ಬಾಲಿನ ಬ್ಲಾಡರಿಗೆ. ಕಲ್ಯಾಣದ ಬಜಾರಿನಲ್ಲಿ ಅವರು ಅರ್ಧ ಡಜನ್ ಬ್ಲಾಡರ್ ಕೇಳಿದಾಗ ಅಂಗಡಿಯವನು, ಸಾಹೇಬರ ಟೀಮು ಯಾವುದು ಎಂದನಂತೆ. ಹೀಗೆ ತುಂಬಿದ ಉಸಿರನ್ನು ರಬ್ಬರಿನಿಂದ ಸೋರಿಹೋಗುವ ಮೊದಲು ಓಡುತ್ತಾ ಒಯ್ದು ಗಾಜಿನ ಯಂತ್ರಕ್ಕೆ ಹಾಕಿದರು. ಬಿಟ್ಟ ಇಂಗಾಲದ ಡೈಆಕ್ಸೈಡನ್ನು ದೇಹ ಬಳಸಿದ ಆಮ್ಲಜನಕದಿಂದ ಭಾಗಿಸಿದರೆ, ಬರೀ ಸಕ್ಕರೆ ಉರಿದಾಗ ಲೆಕ್ಕ ಒಂದಕ್ಕೆ ಬರುತ್ತದೆ, ಬರೀ ಕೊಬ್ಬು ಉರಿದರೆ ಮುಕ್ಕಾಲಿಗಿಂತ ತುಸು ಕಡಿಮೆ. ನನ್ನದು ಒಂದರ ಹತ್ತಿರ ಹತ್ತಿರ. ಅಷ್ಟೊಂದು ಕೊಬ್ಬು ಹೊತ್ತು ತಿರುಗುತ್ತಿದ್ದ ನಾನು ಪೆಟ್ಟಿಗೆ ಹತ್ತಲು ಅದನ್ನು ಮುಟ್ಟುತ್ತಲೇ ಇರಲಿಲ್ಲ.

"ನೋಡು, ಹೊಗಿ ಸುಳ್ಳ ಹೇಳಂಗಿಲ್ಲ," ಎಂದರು. ಅವರಿಗೆ ಖುಷಿ, ನನಗೆ ನಾಚಿಕೆ.

ಮರುದಿನದಿಂದ ಓಟ. ಗೇಟಿನಿಂದ ಬಾಯ್ಲರ್ ಮನೆಯವರೆಗಿನ ನೇರ ರಸ್ತೆ, ಪಕ್ಕದಲ್ಲಿ ದೀಪದ ಕಂಬಗಳು. ಎರಡು ಕಂಬ ಜೀವ ಬಿಟ್ಟು ಓಡುವುದು, ಎರಡು ಕಂಬ ನಡೆಯುವುದು, ಮತ್ತೆ ಓಡುವುದು. ನಾನು ಸೀರೆಯನ್ನು ಕಚ್ಚೆ ಹಾಕಿ, ಪಿನ್ನು ಚುಚ್ಚಿ, ಅಮ್ಮನ ಶಾಪ ಕೇಳಿ ಬಂದಿದ್ದೆ. ಒಬ್ಬಳೇ ಹೆಂಗಸು ಓಡಿದರೆ ಜನ ಏನೇನೋ ಅಂದಾರು ಎಂದು ಗೇಟಿನ ವಾಚ್‌ಮನ್ನನನ್ನೂ ಹುರಿದುಂಬಿಸಿ ಜೊತೆಗೆ ಸೇರಿಸಿದ್ದರು. ಸಾತಾರಾ ಕಡೆಯ ಮರಾಠಿಯವನು, ಪಂಢರಪುರಕ್ಕೆ ನಡೆದು ಹೋಗುವ ವಾರಕರಿ, ಕೊರಳಲ್ಲಿ ತುಳಸಿ ಮಾಲೆ, ನನಗಿಂತ ದೊಡ್ಡ ಹೊಟ್ಟೆ. ಅವರು ಲ್ಯಾಬಿನ ಸ್ಟಾಪ್‌ವಾಚ್ ಹಿಡಿದು "ಓಡು!" ಎಂದರೆ ಅವನು ಓಡುತ್ತಿದ್ದ, "ನಡಿ!" ಎಂದರೆ ನಡೆಯುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ.

ಮೊದಲ ವಾರ ಮೂರನೇ ಸುತ್ತಿಗೇ ನಾನು ಕಂಬ ಹಿಡಿದು ನಿಂತೆ. "ನನ್ನಿಂದ ಆಗುದಿಲ್ಲ ಸರ್. ಸಾಯ್ತೇನೆ."

"ಸಾಯಂಗಿಲ್ಲ. ಮಾತಾಡಾಕ ಉಸಿರದ ಅಂದ್ರ ಇನ್ನ ಒಂದ್ ಕಂಬ ಓಡಾಕೂ ಅದ."

ಅಬ್ಬಬ್ಬಾ, ಆ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತು! ಒಮ್ಮೆಯೂ ಚೆನ್ನಾಗಿ ಓಡಿದೆ ಎಂದವರಲ್ಲ. ಜ್ವರ ಬಂದ ದಿನ ಕಣ್ಣು ನೋಡಿಯೇ ಗುರುತಿಸಿ ಹಿಂದಕ್ಕೆ ಅಟ್ಟಿದರು, ಅದು ನಿಜ. ಆದರೆ ಮಳೆ ಎಂದರೆ ಒಪ್ಪುತ್ತಿರಲಿಲ್ಲ. ಕೊಡೆ ಹಿಡಿದು ತಾವು ನಿಂತು, ನಮ್ಮನ್ನು ತೋಯಿಸಿ ಓಡಿಸುತ್ತಿದ್ದರು. ಕೊಡೆ ಯಾಕೆಂದರೆ, ಸ್ಟಾಪ್‌ವಾಚ್ ಲ್ಯಾಬಿನದು, ಅದು ಒದ್ದೆಯಾಗಬಾರದು. ನಾನು ಬೇಕಾದರೆ ಒದ್ದೆಯಾಗಬಹುದು. ಹಿಂದಿನಿಂದ ಅವರನ್ನು ನಾನು ಏನೇನು ಬೈದಿದ್ದೇನೋ, ಇವತ್ತು ಬಾಯಿಬಿಟ್ಟು ಹೇಳುವಂತಿಲ್ಲ.

ಒಂದು ಸಲ ಕಲ್ಯಾಣದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಾ, "ನೀನ ಏನು ಆ ಓಡೂ ಹುಡುಗಿ? ನಮ್ಮನಿಯವ್ರಿಗೆ ಮನಿಯಾಗ ಒಲಿ ಹೊತ್ತಿತೋ ಇಲ್ಲೋ ಚಿಂತಿಲ್ಲ, ಮಂದಿ ಹೊಟ್ಟ್ಯಾಗಿನ ಒಲಿ ಊದ್ಕೊಂತ ಕೂಡ್ತಾರ" ಎಂದರು. ಸರ್ ಕೇಳಿಸಿದರೂ ಕೇಳಿಸದವರಂತೆ ನನ್ನ ತಟ್ಟೆ ನೋಡಿ, "ರೊಟ್ಟಿ ಹಾಕು, ಬೆಲ್ಲಾ ಬ್ಯಾಡ" ಎಂದರು.

ಹತ್ತು ವಾರ ಕಳೆಯಿತು. ತೂಕದ ಯಂತ್ರದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಳಿಯಲಿಲ್ಲ. ನಾನು ಕಂಗಾಲಾದೆ. "ತೂಕದ ಮಾತು ಬಿಡು. ತೂಕ ಇಳ್ಯಾಕ ಹೊತ್ತು ಹಿಡೀತದ. ಒಳಗ ಬದಲಾಗೇದೋ ಇಲ್ಲೋ ನೋಡೂಣು," ಎಂದು ಎರಡನೇ ಅಳತೆಗೆ ದಿನ ಗೊತ್ತುಮಾಡಿದರು. ಖಾಲಿ ಹೊಟ್ಟೆಯಲ್ಲೇ ಅಳೆಯಬೇಕು. ತಿಂದು ಬಂದರೆ ತಿಂದದ್ದೇ ಉರಿಯುತ್ತದೆ. ವಾಚ್‌ಮನ್ನನನ್ನು ಮೊದಲ ಸಲ ಅಳೆಯುವ ದಿನ ಅವನು ಕದ್ದು ಚಹಾ-ಪಾವ್ ತಿಂದು ಬಂದು ಸಿಕ್ಕಿಬಿದ್ದಿದ್ದ. ಅದಕ್ಕೇ ಅವರು ಈ ಸಲ ಜಾಣತನ ಮಾಡಿ ಆಷಾಢದ ಏಕಾದಶಿಯನ್ನು ಆರಿಸಿದರು. ಅವತ್ತು ಯಾರಿಗೂ ಹೇಳುವ ಅಗತ್ಯವೇ ಇಲ್ಲ, ಎಲ್ಲರೂ ತಾವಾಗಿ ಖಾಲಿ ಹೊಟ್ಟೆಯಲ್ಲೇ ಬರುತ್ತಾರೆ ಎಂದು ಅವರ ಎಣಿಕೆ. ಅವರ ಮನೆಯ ಏಕಾದಶಿ ಎಂದರೆ ನೀರೂ ಇಲ್ಲ. ಬಾಯ್ಲರ್ ಮನೆಯ ಆ ಸೆಖೆಯಲ್ಲೂ ಅವರು ಅವತ್ತು ಒಂದು ಗುಟುಕು ಕುಡಿಯುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಪೆಟ್ಟಿಗೆ ಹತ್ತಿ ಇಳಿದೆ. ಮೊದಲಿನಷ್ಟು ಏದುಸಿರು ಬರಲಿಲ್ಲ, ನನಗೇ ಆಶ್ಚರ್ಯ. ಅವರು ಬ್ಲಾಡರ್ ಹಿಡಿದು ಓಡಿದರು. ಕೊಳವೆ ನೋಡಿದರು. ಮತ್ತೊಂದು ಬ್ಲಾಡರಿನದನ್ನು ಹಾಕಿ ನೋಡಿದರು. ಲೆಕ್ಕ ಮಾಡಿದರು. ಒಂದರ ಹತ್ತಿರ. ಹತ್ತು ವಾರದ ಹಿಂದೆ ಇದ್ದದ್ದಕ್ಕಿಂತ ಒಂದು ಕೂದಲು ಹೆಚ್ಚೇ. ವಾಚ್‌ಮನ್ನನದೂ ಹಾಗೇ.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನು ಟೈಮ್ ಆಫೀಸಿಗೆ ಬಂದು, ಯಂತ್ರಕ್ಕೆ ಹಾಳೆ ಏರಿಸಿ, ನನ್ನ ರಾಜೀನಾಮೆಯನ್ನು ನಾನೇ ಟೈಪು ಮಾಡಿದೆ. ಡಾಕ್ಟರು ಅನ್‌ಫಿಟ್ ಬರೆದು ಕಳಿಸುವ ಮೊದಲು ನಾನೇ ಹೋದರೆ ಬೇರೆ ಕಡೆ ಕೆಲಸ ಕೇಳಲು ಮುಖವಾದರೂ ಉಳಿದೀತು ಅನ್ನಿಸಿತು. ಮಧ್ಯಾಹ್ನ ಅದನ್ನು ಹಿಡಿದು ಅವರಿಗೆ ತೋರಿಸಲು ಹೋದೆ. ಅಪ್ಪಣೆ ಕೇಳಲು ಅಲ್ಲ, ಚುಚ್ಚಲು. ನಿಮ್ಮ ಒಲೆ ಗಿಲೆ ಎಲ್ಲ ಸುಳ್ಳು ಎಂದು ಹೇಳಬೇಕಿತ್ತು.

ಅವರು ಅದನ್ನು ಓದುತ್ತಿದ್ದಾಗ ವಾಚ್‌ಮನ್ ಡಬ್ಬಿ ಹಿಡಿದು ಬಂದ. ಸಾಹೇಬರ ಮುಖ ಬಾಡಿದ್ದು ಅವನಿಗೂ ನೋವಾಗಿತ್ತು. ಮುಚ್ಚಳ ತೆಗೆದು ಮುಂದೆ ಹಿಡಿದ. ಸಾಬುದಾನಾ ಖಿಚಡಿ, ತುಪ್ಪ ಮಿಂಚುತ್ತಿತ್ತು, ಮೇಲೆ ಆಲೂಗಡ್ಡೆ.

"ಘ್ಯಾ ಸಾಹೇಬ್, ಉಪಾಸಾಚಂ ಆಹೆ. ಸಕಾಳೀ ದೋನ್ ತಾಟ್ ಖಾಲ್ಲೀ, ತರೀ ಉರ್ಲೀ." ಉಪವಾಸದ್ದೇ, ತಗೊಳ್ಳಿ, ಬೆಳಿಗ್ಗೆ ಎರಡು ತಟ್ಟೆ ತಿಂದೆ, ಆದರೂ ಉಳಿಯಿತು ಎಂದ.

ಅವರು ಡಬ್ಬಿ ನೋಡಿದರು. ನನ್ನನ್ನು ನೋಡಿದರು. "ನೀನೂ?"

ಪಕ್ಕದ ಮನೆಯ ಮರಾಠಿ ಅಜ್ಜಿಯಿಂದ ಕಲಿತು ನಮ್ಮಮ್ಮನೂ ಏಕಾದಶಿಗೆ ಅದನ್ನೇ ಮಾಡುತ್ತಿದ್ದಳು. ಪರೀಕ್ಷೆಯ ದಿನ ಮಗಳು ತಲೆ ತಿರುಗಿ ಬೀಳಬಾರದೆಂದು ಇನ್ನೊಂದು ಸೌಟು ಹೆಚ್ಚೇ ಹಾಕಿ, ಎರಡು ಬಾಳೆಹಣ್ಣು ತಿನ್ನಿಸಿ ಕಳಿಸಿದ್ದಳು. ಅನ್ನ ಮುಟ್ಟಿರಲಿಲ್ಲ, ಹಾಗಾಗಿ ನಾನು ಏನನ್ನಾದರೂ ತಿಂದಿದ್ದೇನೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಇದು ಉಪ್ವಾಸಾ?" ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇದು ಮದಿವಿ ಊಟ! ಪಿಷ್ಟಾ, ಬರೇ ಪಿಷ್ಟಾ! ಎರಡು ತಟ್ಟಿ ತಿಂದು ಬಂದು ನನ್ನ ಯಂತ್ರದಾಗ ಊದ್ಯಾರ, ಒಂದಲ್ಲದ ಮತ್ತೇನ್ ಬರ್ತದ!" ಬಯ್ಯುತ್ತಾ ಬಯ್ಯುತ್ತಾ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ತಾವು ಬಂದ ಊರಿನ ಏಕಾದಶಿಯೇ ಎಲ್ಲ ಊರಿನ ಏಕಾದಶಿ ಎಂದುಕೊಂಡದ್ದು ತಮ್ಮದೇ ತಪ್ಪು ಎಂದು ಅವತ್ತೇ ನೋಟುಪುಸ್ತಕದಲ್ಲಿ ಬರೆದುಕೊಂಡರು. ನನ್ನ ರಾಜೀನಾಮೆಯನ್ನು ಹರಿಯಲಿಲ್ಲ. ಮಡಚಿ ಕೈಗೆ ಕೊಟ್ಟು, "ಮೂರು ದಿನಾ ಚೀಲದಾಗ ಇಟ್ಕೋ. ಅಳತಿ ಆದ ಮ್ಯಾಲ ಕೊಡೂದಿದ್ರ ಕೊಡು" ಎಂದರು.

ಮೂರನೇ ದಿನ ನಿಜವಾಗಿ ಖಾಲಿ ಹೊಟ್ಟೆ. ಅಮ್ಮನನ್ನು ಅಡುಗೆಯ ಮೂಲೆಗೇ ಹೋಗಲು ಬಿಡದೆ, ಮನೆಯಿಂದ ತಪ್ಪಿಸಿಕೊಂಡು ಬಂದಿದ್ದೆ. ಅದೇ ಪೆಟ್ಟಿಗೆ, ಅದೇ ಪಂಪಿನ ಸದ್ದು. ಲೆಕ್ಕ ಈ ಸಲ ಚೆನ್ನಾಗಿ ಕೆಳಗಿಳಿದು ಬಂತು, ಮುಕ್ಕಾಲಿನ ಕಡೆಗೆ. ನಂಬದೆ ಅವರು ನಾಲ್ಕು ಸಲ ಅಳೆದರು. ಯಂತ್ರ ಒರಟು, ಒಂದು ಸಲದ್ದನ್ನು ನಂಬಬಾರದು ಎಂದರು. ನಾಲ್ಕೂ ಸಲ ಹೆಚ್ಚುಕಡಿಮೆ ಅಷ್ಟೇ ಬಂತು. ನಾನು ಪೆಟ್ಟಿಗೆ ಹತ್ತಿ ಇಳಿಯುವಾಗ ನನ್ನ ಕಾಲುಗಳು ಕೊಬ್ಬನ್ನು ಉರಿಸುತ್ತಿದ್ದವು. ಚೀಲದಲ್ಲಿದ್ದ ರಾಜೀನಾಮೆ ಹರಿದದ್ದು ನಾನೇ.

"ಡಾಕ್ಟರ ನೀಲಿ ನೀಲಿ ಉಳೀತದ ಅಂತ ನಾ ಮಾತ ಕೊಡಂಗಿಲ್ಲ ತಂಗಿ," ಎಂದರು. "ಇದರ ಮ್ಯಾಲ ಅದು ಹಿಂಗ ಅಂತ ಹೇಳಾಕ ನನಗ ಬರಂಗಿಲ್ಲ. ಹೋಗಿ ನಿಂದ್ರು."

ಮುಂದಿನ ವಾರ ಡಾಕ್ಟರ ಕೋಣೆ. ತೂಕದ ಮುಳ್ಳು ಒಂದಿಷ್ಟೇ ಹಿಂದೆ ನಿಂತಿತು, ಅವರ ಹುಬ್ಬು ಏರಿತು. ನೀಲಿ ದ್ರಾವಣ ಕುದಿಯಿತು. ಕುದಿಯಿತು, ಕುದಿಯಿತು, ನೀಲಿಯಾಗಿಯೇ ಇತ್ತು. ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸಲ ಮಾಡಿ ನೋಡಿ, ಕಾಗದದ ಮೇಲೆ ಫಿಟ್ ಎಂದು ಬರೆದರು.

ಆ ಕಾಗದ ಹಿಡಿದು ನಾನು ಬಾಯ್ಲರ್ ಮನೆಗೆ ಓಡಿದೆ. ಈ ಸಲ ಯಾರೂ ಓಡು ಎನ್ನದೆ, ಕಂಬ ಲೆಕ್ಕ ಹಾಕದೆ. "ಸರ್, ಆಯ್ತು ಸರ್! ಪರ್ಮನೆಂಟ್!" ಅವರ ಕಾಲಿಗೆ ಬೀಳಲು ಹೋದೆ. ಅವರು ಹಿಂದೆ ಸರಿದು, ಕಾಗದ ಇಸಿದುಕೊಂಡು ಮೇಲಿಂದ ಕೆಳಗೆ ಓದಿದರು.

"ಚಲೋ ಆತು. ಸೋಮವಾರ ಆರೂವರಿಗೆ ಬಾ."

"ಇನ್ನು ಎಂತಕ್ಕೆ ಸರ್? ಕೆಲಸ ಪರ್ಮನೆಂಟ್ ಆಯ್ತಲ್ಲ!"

"ಮಸಲ್‌ಗೆ ಅದು ಗೊತ್ತಿಲ್ಲ. ನಾಕು ವಾರಾ ಬಿಟ್ಟಿ ಅಂದ್ರ ಮಾಡಿದ್ದೆಲ್ಲಾ ಮರೀತದ, ಒಲಿ ಒಂದೊಂದ ಆರ್ತಾವ."

ನನಗೆ ಮೈ ಉರಿಯಿತು. ಮೂರು ತಿಂಗಳು ಚಾಳಿನವರು ನಕ್ಕದ್ದು, ಅಮ್ಮನ ಬೈಗುಳ, ಮಳೆ, ಮೊಣಕಾಲಿನ ನೋವು, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ನಾನು ಓಡಿದ್ದು ನೌಕರಿಗಾಗಿ, ನೌಕರಿ ಸಿಕ್ಕಿತು, ಇನ್ನು ನನ್ನನ್ನು ಬಿಟ್ಟುಬಿಡಿ ಮಾರಾಯ್ರೇ, ನಿಮ್ಮ ಯಂತ್ರಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದೆ. ಅಷ್ಟು ದೊಡ್ಡವರಿಗೆ ಹಾಗೆ ಹೇಳಬಾರದಿತ್ತು.

ಅವರಿಗೆ ಸಿಟ್ಟು ಬರಲಿಲ್ಲ. ಕಾಗದವನ್ನು ಜೋಪಾನವಾಗಿ ಮಡಚಿ ನನಗೆ ವಾಪಸು ಕೊಟ್ಟರು. ಕೊಟ್ಟು, ಬಹಳ ಮೆಲ್ಲಗೆ ಕೇಳಿದರು:

"ನಿಮ್ಮಪ್ಪಾರ ನೌಕರಿ ಪರ್ಮನೆಂಟ್ ಇತ್ತಲ್ಲವಾ, ತಂಗಿ?"

ಪಂಪು ಧಡ್ ಧಡ್ ಎನ್ನುತ್ತಿತ್ತು. ದಾರಿಯುದ್ದಕ್ಕೂ ಅವರನ್ನು ಬೈದುಕೊಳ್ಳುತ್ತಾ ಅತ್ತುಕೊಂಡು ಮನೆಗೆ ಹೋದೆ. ಸೋಮವಾರ ಆರೂವರೆಗೆ ಐದು ನಿಮಿಷ ಇರುವಾಗ ಗೇಟಿನಲ್ಲಿ ನಿಂತು ಬೂಟಿನ ಲೇಸು ಕಟ್ಟುತ್ತಿದ್ದೆ.